ಒಂದು ಮಗುವಿಗೆ ಒಂದು ನೆರಳು

ನಮ್ಮೂರಿನಲ್ಲಿ ಕೊಡೆಗಳು ಮಳೆಗಾಲಕ್ಕಿಂತ ಬೇಸಿಗೆಯಲ್ಲೇ ಹೆಚ್ಚು ಮಾರಾಟವಾಗುತ್ತವೆ. ಮಳೆಯಲ್ಲಿ ನೆನೆದರೆ ತಲೆ ಒರೆಸಿಕೊಂಡರಾಯಿತು. ಆದರೆ ಸುಡುಬಿಸಿಲಿನಲ್ಲಿ ಕಾಲ ಬುಡದಲ್ಲಿ ನೆರಳಿಲ್ಲದೆ ಪೇಟೆಬೀದಿಯಲ್ಲಿ ನಡೆದು ಹೋದರೆ ಹೋಗುವ ಮಾನವನ್ನು ಯಾವ ಟವೆಲ್ಲೂ ಒರೆಸಿ ಕೊಡುವುದಿಲ್ಲ. ಇಲ್ಲಿ ನೀವು ಯಾರ ಮನಸ್ಸನ್ನಾದರೂ ನೋಯಿಸಿದಿರೋ, ನಿಮ್ಮ ನೆರಳು ನಿಮ್ಮನ್ನು ಬಿಟ್ಟು ಹೋಗಿ ಅವರ ಬೆನ್ನ ಹಿಂದೆ ನಿಂತುಬಿಡುತ್ತದೆ. ಅವರ ಮನಸ್ಸು ತಿಳಿಯಾಗುವ ತನಕ ಅಲ್ಲೇ ಅದರ ವಾಸ. ಆದ್ದರಿಂದಲೇ ನಮ್ಮಲ್ಲಿ ವರನನ್ನು ನೋಡಲು ಹೋಗುವವರು ಬೆಳಿಗ್ಗೆ ಒಂಬತ್ತಕ್ಕೋ ಸಂಜೆ ನಾಲ್ಕಕ್ಕೋ, ನೆರಳು ಉದ್ದಕ್ಕೆ ಬೀಳುವ ಹೊತ್ತು ನೋಡಿ ಹೋಗುತ್ತಾರೆ. ಉಪ್ಪಿಟ್ಟು, ಕಾಫಿ ಎಲ್ಲ ಆಮೇಲೆ. ಮೊದಲು "ಸ್ವಲ್ಪ ಅಂಗಳಕ್ಕೆ ಬಾಪ್ಪ" ಎನ್ನುತ್ತಾರೆ. ನಮ್ಮ ಪುರಸಭೆಯ ಅಧ್ಯಕ್ಷರನ್ನು ಹನ್ನೊಂದು ವರ್ಷಗಳಿಂದ ಕೊಡೆಯಿಲ್ಲದೆ ಕಂಡವರಿಲ್ಲ. ಅವರ ಹೆಂಡತಿ ಬಾವಿಕಟ್ಟೆಗೆ ಬಂದಾಗ ಮಾತ್ರ ಆಕೆಯ ಹಿಂದೆ ದಪ್ಪ ಹೊಟ್ಟೆಯ ಇನ್ನೊಂದು ನೆರಳು ಬರುತ್ತದೆ. ಯಾರೂ ಏನೂ ಕೇಳುವುದಿಲ್ಲ. ಕೇಳಿದರೆ ಆಕೆಗೆ ನೋವಾದೀತು, ಆಮೇಲೆ ಕೇಳಿದವರೂ ಕೊಡೆ ಕೊಳ್ಳಬೇಕಾದೀತು.

ನಾನು ಆರೋಗ್ಯಮ್ಮ. ಇಲ್ಲಿನ ಸಿಸ್ಟರಮ್ಮಂದಿರ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಆಯಾ. ಗಂಟೆ ಹೊಡೆಯುವುದು, ಅಂಗಳ ಗುಡಿಸುವುದು, ಒಂದನೇ ಕ್ಲಾಸಿನವರ ಮೂಗು ಒರೆಸುವುದು, ಚಡ್ಡಿ ಒದ್ದೆ ಮಾಡಿಕೊಂಡವರನ್ನು ಯಾರಿಗೂ ಕಾಣದ ಹಾಗೆ ಹಿಂದಿನ ಬಾಗಿಲಿನಿಂದ ಕರೆದೊಯ್ಯುವುದು, ಇವು ನನ್ನ ಕೆಲಸ. ನಾನು ಓದಿದ್ದು ಎರಡನೇ ಕ್ಲಾಸು. ಆದರೆ ನೆಲ ಗುಡಿಸುವವಳು ನೆಲವನ್ನೇ ನೋಡುತ್ತಾಳೆ. ಶಾಲೆಯ ಯಾವ ನೆರಳು ಯಾರದೆಂದು ಮುಖ ನೋಡದೆ ಹೇಳಬಲ್ಲೆ. ನೆರಳು ಯಾರ ಹಿಂದೆ ಹೋಗಿ ನಿಂತರೂ ಅದರ ಆಕಾರ ಒಡೆಯನದೇ ಆಗಿರುತ್ತದೆ.

ಐದು ವರ್ಷದ ಹಿಂದಿನವರೆಗೆ ಬೆಳಗಿನ ಪ್ರಾರ್ಥನೆ ತೆರೆದ ಅಂಗಳದಲ್ಲಿ ನಡೆಯುತ್ತಿತ್ತು. ಮಕ್ಕಳೆಂದ ಮೇಲೆ ಜಗಳ ಇದ್ದದ್ದೇ. ದಿನಕ್ಕೆ ನಾಲ್ಕು ನೆರಳು ಅತ್ತಿತ್ತ ಆಗುತ್ತಿದ್ದವು, ಮಧ್ಯಾಹ್ನ ಹುಣಿಸೆಕಾಯಿಗೆ ಉಪ್ಪು ಹಚ್ಚಿಕೊಂಡು ನೆಕ್ಕುವ ಹೊತ್ತಿಗೆ ವಾಪಸು ಬರುತ್ತಿದ್ದವು. ಆದರೆ ದೊಡ್ಡವರ ಮಕ್ಕಳು ಬೆಳಿಗ್ಗೆ ಬೆಳಿಗ್ಗೆ ನೆರಳಿಲ್ಲದೆ ನಿಂತದ್ದನ್ನು ಗೇಟಿನ ಹೊರಗಿನವರೆಲ್ಲ ನೋಡುತ್ತಾರೆ ಎಂದು ಚರ್ಚಿನ ಪಾಲನಾ ಮಂಡಳಿಯವರಿಗೆ ಕಸಿವಿಸಿಯಾಯಿತು. ಅಂಗಳಕ್ಕೆ ಪೂರ್ತಿ ತಗಡಿನ ಚಾವಣಿ ಹಾಕಿಸಿಕೊಟ್ಟರು. 'ಮಕ್ಕಳ ಆರೋಗ್ಯದ ದೃಷ್ಟಿಯಿಂದ' ಎಂದು ಕಲ್ಲಿನಲ್ಲಿ ಕೆತ್ತಿಸಿದರು. ಅಂದಿನಿಂದ ಯಾವ ಮಗುವಿನ ನೆರಳು ಎಲ್ಲಿದೆಯೆಂದು ಯಾರಿಗೂ ಗೊತ್ತಾಗದೆ ಎಲ್ಲರಿಗೂ ನೆಮ್ಮದಿಯಾಯಿತು. ಹುಣಿಸೆಕಾಯಿ ಹಂಚಿಕೊಳ್ಳುವುದೂ ನಿಂತಿತು. ಕಾಣದ್ದನ್ನು ಸರಿಮಾಡಿಕೊಳ್ಳುವ ತೊಂದರೆ ಯಾರಿಗೆ ಬೇಕು?

ನಮ್ಮ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಪ್ಲಾಸಿಡಾ ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಬರುವ ಮುಂಚೆ ನಮ್ಮ ಹೆಣ್ಣುಮಕ್ಕಳಿಗೆ ಕಕ್ಕಸಿರಲಿಲ್ಲ. ಆದರೆ ಅವರಿಗೊಂದು ನಂಬಿಕೆ ಇತ್ತು: ಯಾವುದನ್ನೇ ಆಗಲಿ ಗೋಡೆಗೆ ಅಂಟಿಸಿದರೆ ಅದು ಜಾರಿಗೆ ಬಂದ ಹಾಗೆ. ಈ ಕತೆ ನಡೆದ ವರ್ಷ ಧರ್ಮಪ್ರಾಂತ್ಯದ, ಅಂದರೆ ಬಿಷಪ್ಪರ ಕಚೇರಿಯ, ಶಿಕ್ಷಣ ಮಂಡಳಿಯವರು 'ಕರುಣಾ ಶಾಲೆ' ಎಂಬ ಹಿತ್ತಾಳೆ ಫಲಕ ಕೊಡುವುದಾಗಿ ಸುತ್ತೋಲೆ ಕಳಿಸಿದ್ದೇ ತಡ, ನಮ್ಮ ಶಾಲೆಯ ಒಂದು ಗೋಡೆಯೂ ಖಾಲಿ ಉಳಿಯಲಿಲ್ಲ. ಮೆಟ್ಟಿಲಿಗೆ 'ತಳ್ಳಬೇಡ', ನಲ್ಲಿಗೆ 'ಮೊದಲು ನೀನು ಕುಡಿ ತಂಗೀ', ಬಾವಿಕಟ್ಟೆಗೆ 'ನಿನ್ನ ನೆರೆಯವನನ್ನು ಪ್ರೀತಿಸು'. ಈ ಕೊನೆಯ ಹಲಗೆ ಅಗಲವಾಗಿತ್ತು, ಅದರ ಮೇಲೆ ನಾನು ನೆಲ ಒರೆಸುವ ಬಟ್ಟೆ ಒಣಗಹಾಕುತ್ತಿದ್ದೆ. ಮಕ್ಕಳಲ್ಲಿ 'ಕರುಣಾ ಸೇನೆ' ಎಂದು ಮಾಡಿ ಆರು ಮಂದಿಗೆ ಕೆಂಪು ಹೃದಯದ ಬ್ಯಾಡ್ಜು ಚುಚ್ಚಿದರು. ಆರೂ ಮಂದಿ ಪಾಲನಾ ಮಂಡಳಿಯವರ, ತಾಯಂದಿರ ಸಂಘದವರ ಮಕ್ಕಳು. ಸೇನಾಧಿಪತಿ ನಾಲ್ಕನೇ ಕ್ಲಾಸಿನ ಜೆರೋಮಿ. ಅವನ ತಾಯಿ ಫ್ಲೋರಿನಮ್ಮ ತಾಯಂದಿರ ಸಂಘದ ಅಧ್ಯಕ್ಷೆ.

ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಶಿಕ್ಷಣ ಮಂಡಳಿಯಿಂದ ಎರಡನೆಯ ಕಾಗದ ಬಂತು. ನಿರೀಕ್ಷಕರು ಖುದ್ದಾಗಿ ಬರುತ್ತಾರೆ, ಹಾಜರಿ ಪುಸ್ತಕದಲ್ಲಿರುವ ಪ್ರತಿಯೊಂದು ಮಗುವೂ ಬೆಳಿಗ್ಗೆ ಹತ್ತಕ್ಕೆ ಚಾವಣಿಯಿಲ್ಲದ ಬಯಲಿನಲ್ಲಿ ನಿಂತಿರಬೇಕು, ಒಂದು ಮಗುವಿಗೆ ಒಂದು ನೆರಳು ಇರಬೇಕು, ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು.

ಸಿಸ್ಟರ್ ಅದೇ ದಿನ ಮಕ್ಕಳನ್ನೆಲ್ಲ ಹಿಂದಿನ ಆಟದ ಬಯಲಿಗೆ ಕರೆದೊಯ್ದು ನಿಲ್ಲಿಸಿದರು. ನೋಡಿದರೆ ಆರು ಮಕ್ಕಳ ಕಾಲ ಬುಡ ಬೋಳು. ಆರರ ಎದೆಯ ಮೇಲೂ ಕೆಂಪು ಹೃದಯ. ಸಾಲಿನ ಕೊನೆಯಲ್ಲಿ ನಾಲ್ಕನೇ ಕ್ಲಾಸಿನ ಸಲೋಮಿ ನಿಂತಿದ್ದಳು, ಬೆನ್ನ ಹಿಂದೆ ಏಳು ನೆರಳು ಬೀಸಣಿಗೆಯ ಹಾಗೆ ಹರಡಿಕೊಂಡು. ಒಂದನೇ ಕ್ಲಾಸಿನ ಮೂರು ಪುಟಾಣಿಗಳು ಬಿಸಿಲು ತಾಳಲಾರದೆ ಆಗಲೇ ಹೋಗಿ ಆ ತಂಪಿನಲ್ಲಿ ಕೂತಿದ್ದವು.

"ಇದೇನೇ ಇದು, ಸಲೋಮಿ?" ಎಂದರು ಸಿಸ್ಟರ್.

"ಗೊತ್ತಿಲ್ಲ ಸಿಸ್ಟರ್. ತುಂಬ ದಿನದಿಂದ ಇವೆ," ಎಂದಳು ಅವಳು, ಯಾರದೋ ಸಾಮಾನು ತನ್ನ ಹತ್ತಿರ ಸಿಕ್ಕಿತೆಂಬಂತೆ ಹೆದರಿಕೊಂಡು.

ಸಲೋಮಿಯ ಅಪ್ಪ ಚೌರಪ್ಪ ಶವಪೆಟ್ಟಿಗೆ ಮಾಡುವವನು. ಊರಿನ ಕ್ರೈಸ್ತರೆಲ್ಲ ಕೊನೆಗೆ ಅವನ ಕೈಕೆಲಸದೊಳಗೆ ಮಲಗಲೇಬೇಕು, ಆದರೆ ಅದಕ್ಕೆ ಮುಂಚೆ ಅವನ ಮಗಳ ಪಕ್ಕ ಕೂರಲು ಯಾರಿಗೂ ಇಷ್ಟವಿಲ್ಲ. ಅವಳು ಕ್ಲಾಸಿಗೆ ಬಂದರೆ ಈ ಆರು ಮಂದಿ ಎದೆಯ ಮೇಲೆ ಕೈಕಟ್ಟಿ ಕಣ್ಣು ಮುಚ್ಚಿ ಬೆಂಚಿನ ಮೇಲೆ ಅಡ್ಡ ಬೀಳುತ್ತಿದ್ದರು. ಅವಳ ಬುತ್ತಿ ಡಬ್ಬಿ ಮಿಕ್ಕಿದ ಹಲಗೆಯಿಂದ ಮಾಡಿದ್ದು ಎನ್ನುತ್ತಿದ್ದರು. ಅವಳು ಮುಟ್ಟಿದ ಸೀಮೆಸುಣ್ಣವನ್ನು ಯಾರೂ ಮುಟ್ಟುತ್ತಿರಲಿಲ್ಲ. ಇಷ್ಟೆಲ್ಲ ಚಾವಣಿಯ ಕೆಳಗೆ ನಡೆಯಿತು. ನಾನು ಅಲ್ಲೇ ಪೊರಕೆ ಹಿಡಿದು ಓಡಾಡುತ್ತಿದ್ದೆ, 'ಏಯ್, ಸುಮ್ನಿರ್ರೋ' ಎಂದು ಗದರಿ ಮುಂದೆ ಹೋಗುತ್ತಿದ್ದೆ. ಅದನ್ನೂ ಹೇಳಬೇಕು.

ಸಿಸ್ಟರ್ ವೇಳಾಪಟ್ಟಿಯಲ್ಲಿ ಶುಕ್ರವಾರದ ಕೊನೆಯ ಪೀರಿಯಡ್ಡನ್ನು 'ಕ್ಷಮೆ' ಎಂದು ಬದಲಾಯಿಸಿದರು. ಅದಕ್ಕೆ ಮುಂಚೆ ಅದು ತೋಟಗಾರಿಕೆಯಾಗಿತ್ತು. ಆರು ಮಂದಿ ಸಾಲಾಗಿ ಬಂದು "ತಪ್ಪಾಯ್ತು ಸಲೋಮಿ" ಎನ್ನಬೇಕು, ಅವಳು "ಕ್ಷಮಿಸಿದ್ದೇನೆ ಸಹೋದರ" ಎನ್ನಬೇಕು. ರೇಷನ್ ಅಂಗಡಿಯ ಸಾಲಿನ ಹಾಗೆ ಚುರುಕಾಗಿ ಮುಗಿಯಿತು. ಆಮೇಲೆ ಎಲ್ಲರೂ ಬಯಲಿಗೆ ಓಡಿ ನೋಡಿದರೆ ಏಳಕ್ಕೆ ಏಳೂ ನೆರಳು ಅವಳ ಹಿಂದೆಯೇ.

"ನೀನು ಮನಸ್ಸಿಟ್ಟು ಹೇಳಿಲ್ಲ," ಎಂದರು ಸಿಸ್ಟರ್. "ಬೈಬಲ್ಲಲ್ಲಿ ಸ್ವಾಮಿ ಏನಂದ್ರು? ಏಳೆಪ್ಪತ್ತು ಸಲ ಕ್ಷಮಿಸು ಅಂದ್ರು."

ಸಲೋಮಿ ಪಾಪ, ಮುಂದಿನ ವಾರ ಎರಡು ದಿನ ಕೂತು ಆ ನಾನೂರ ತೊಂಬತ್ತು ಸಲವೂ ಹೇಳಿದಳು. ನಾನೇ ಕೇಳಿಸಿಕೊಂಡೆ, ನಲ್ಲಿಯ ಹತ್ತಿರ ಬೆರಳು ಮಡಿಸುತ್ತ ಹೇಳುತ್ತಿದ್ದಳು. ಆಮೇಲೆ ಅಳುತ್ತ ಬಂದಳು. "ಆಯಮ್ಮ, ನಾನು ಹೇಳ್ತಾನೇ ಇದೀನಿ. ಅವು ಹೋಗ್ತಾನೇ ಇಲ್ಲ. ನಾನೇನ್ ಮಾಡ್ಲಿ? ಓಡ್ಸಕ್ಕೆ ಅವೇನು ಕೋಳಿಗಳಾ?"

ಅಷ್ಟರಲ್ಲಿ ಫ್ಲೋರಿನಮ್ಮ ತಾಯಂದಿರ ಸಂಘವನ್ನು ಕಟ್ಟಿಕೊಂಡು ಬಂದರು. ನಾನು ಚಹಾ ತೆಗೆದುಕೊಂಡು ಒಳಗೆ ಹೋದಾಗ ಮಾತು ಕಾವೇರಿತ್ತು.

"ಅಲ್ಲ ಸಿಸ್ಟರ್, ಬೇರೆಯೋರ ಪೆನ್ಸಿಲ್ ಇಟ್ಕೊಂಡ್ರೆ ಕಳ್ಳತನ ಅಂತೀರಿ. ನನ್ನ ಮಗನ ನೆರಳನ್ನೇ ಆ ಹುಡುಗಿ ಇಟ್ಕೊಂಡವಳೆ. ಅದಕ್ಕೇನಂತೀರಿ?"

"ಮಗು ನೊಂದಿದೆ, ಫ್ಲೋರಿನಮ್ಮ."

"ನೊಂದ್ಕೊಳ್ಳೋದು ಅದಕ್ಕೊಂದು ಅಭ್ಯಾಸ. ನಮ್ಮ ಜೆರಿನ ನೋಡಿ, ಯಾರೇನಂದ್ರೂ ನೊಂದ್ಕೊಳ್ಳಲ್ಲ. ಅವನ ಹಿಂದೆ ಯಾರದಾದ್ರೂ ನೆರಳಿದೆಯಾ? ಒಂದಿಲ್ಲ. ತನ್ನದೂ ಇಲ್ಲ! ಅಂಥ ಹುಡುಗ."

ಹೀಗೆ ತಪ್ಪು ಮಾಡಿದವರು ಕಳೆದುಕೊಂಡವರಾದರು, ಏಟು ತಿಂದವಳು ಇಟ್ಟುಕೊಂಡವಳಾದಳು. ಸಿಸ್ಟರ್ ಹಣೆ ತಿಕ್ಕಿಕೊಂಡು ಕೊನೆಗೊಂದು ತೀರ್ಮಾನಕ್ಕೆ ಬಂದರು. ತಪಾಸಣೆಯ ದಿನ ಸಲೋಮಿಯ ಹೆಚ್ಚುವರಿ ನೆರಳಿನಿಂದ ಲೆಕ್ಕ ತಪ್ಪಿದರೆ ಅವಳಿಗೆ ಟಿಸಿ ಕೊಟ್ಟು ಹೊಳೆಯಾಚೆಯ ಶಾಲೆಗೆ ಕಳಿಸುವುದು. "ಅವಳ ಒಳ್ಳೇದಕ್ಕೇ," ಎಂದರು. ನಮ್ಮ ಶಾಲೆಯಲ್ಲಿ ಯಾರಿಗಾದರೂ ಕೆಟ್ಟದ್ದಾಗುವಾಗ ಅವರ ಒಳ್ಳೆಯದಕ್ಕೇ ಆಗುತ್ತದೆ. ಹೊಳೆಯಾಚೆಗೆ ಒಂದೂವರೆ ಹರದಾರಿ. ದೋಣಿ ದಾಟಿ ಹೋಗಬೇಕು. ಅವಳಿಗೆ ತಾಯಿಯೂ ಇಲ್ಲ, ದಿನಾ ಜೊತೆಗೆ ಹೋಗುವವರು ಯಾರು? ಟಿಸಿ ಎಂದರೆ ಓದು ಮುಗಿಯಿತೆಂದೇ ಅರ್ಥ.

ಚಹಾ ಲೋಟಗಳನ್ನು ಎತ್ತಿಕೊಳ್ಳುತ್ತ ನಾನು ಬಾಯಿ ಹಾಕಿದೆ. "ಸಿಸ್ಟರ್, ಒಂದು ಮಾತು. ನೆರಳೇನೋ ಏಳಿವೆ, ಒಂದು ಅವಳದೇ. ಬೋಳು ಮಕ್ಕಳು ಆರಿದ್ದಾರೆ. ಆ ಆರು ಜನಾನ ಸಲೋಮಿ ಹಿಂದೆ ಅವರವರ ನೆರಳಿನ ಬುಡಕ್ಕೆ ಸರಿಯಾಗಿ ನಿಲ್ಲಿಸಿಬಿಟ್ರೆ ಆಯ್ತಲ್ಲ? ನೋಡೋರಿಗೆ ಒಂದು ಮಗುವಿಗೆ ಒಂದು ನೆರಳು."

ಸಿಸ್ಟರ್ ನನ್ನನ್ನೇ ನೋಡಿದರು. "ಅದು ಮೋಸ ಅಲ್ವಾ, ಆರೋಗ್ಯಮ್ಮ?"

"ಯಾರ ನೆರಳನ್ನ ಯಾರಿಗೋ ಕೊಡ್ತಿಲ್ವಲ್ಲ ಸಿಸ್ಟರ್. ಅವರದ್ದರ ಹತ್ರ ಅವರನ್ನೇ ನಿಲ್ಲಿಸ್ತಿರೋದು."

ಸಿಸ್ಟರ್ ಸ್ವಲ್ಪ ಹೊತ್ತು ಶಿಲುಬೆಯ ಕಡೆ ನೋಡಿದರು, ಆಮೇಲೆ ಡ್ರಿಲ್ ಮೇಷ್ಟ್ರಿಗೆ ಹೇಳಿಕಳಿಸಿದರು.

ಹನ್ನೆರಡು ದಿನ ತಾಲೀಮು ನಡೆಯಿತು. ಡ್ರಿಲ್ ಮೇಷ್ಟ್ರು ಬಯಲಿನಲ್ಲಿ ಸುಣ್ಣದ ಗುರುತು ಹಾಕಿದರು. ನಡುವೆ ಸಲೋಮಿ, ಅವಳ ಹಿಂದೆ ಆರು ಚುಕ್ಕಿ. ಆದರೆ ನೆರಳು ಸುಣ್ಣದ ಮಾತು ಕೇಳುವುದಿಲ್ಲ, ಸಲೋಮಿಯ ಮಾತು ಕೇಳುತ್ತದೆ. ಅವಳು ಕಾಲು ಬದಲಿಸಿದರೆ ಆರು ನೆರಳು ಜರುಗುತ್ತವೆ, ಆರು ಮಂದಿ ಜರುಗಬೇಕು. ಅವಳು ಸೀನಿದರೆ ಆರು ಮಂದಿ ಬಗ್ಗಬೇಕು. ಮೂರು ದಿನ ಅವಳು ಕಂಬದಂತೆ ನಿಂತಳು. ನಾಲ್ಕನೆಯ ದಿನ ಬಾಯಾರಿಕೆ ತಡೆಯಲಾರದೆ ಯಾರನ್ನೂ ಕೇಳದೆ ನಲ್ಲಿಯ ಕಡೆ ನಡೆದುಬಿಟ್ಟಳು.

"ಅವಳ ಜೊತೇನೇ ಹೋಗ್ರೋ! ನೆರಳು ಬಿಡಬೇಡಿ!" ಎಂದು ಮೇಷ್ಟ್ರು ಕೂಗಿದರು. ಕರುಣಾ ಸೇನೆಯ ಆರೂ ಮಂದಿ ಬಾತುಕೋಳಿ ಮರಿಗಳ ಹಾಗೆ ಅವಳ ಹಿಂದೆ ಓಡಿದರು. ಅವಳು ನೀರು ಕುಡಿದಳು, ಆರು ಮಂದಿ ಕಾದರು. ತಿರುಗಿ ಬರುವಾಗ ಅವಳು ಬೇಕೆಂದೇ ಹುಣಿಸೆಮರವನ್ನು ಒಂದು ಸುತ್ತು ಹಾಕಿದಳು. ಮೊದಲು ನಕ್ಕದ್ದು ಆ ಆರರಲ್ಲೊಬ್ಬಳಾದ ತೆಕ್ಲಾ ಎಂಬ ಹುಡುಗಿ. ಆಮೇಲೆ ಸಲೋಮಿ ನಕ್ಕಳು. ಆ ಮಗು ನಕ್ಕರೆ ಮುಂದಿನ ಎರಡು ಹಲ್ಲಿನ ನಡುವೆ ಸಂದಿ ಕಾಣುತ್ತದೆಂದು ನನಗೆ ಅವತ್ತೇ ಗೊತ್ತಾದದ್ದು.

ಬಿಸಿಲಲ್ಲಿ ಗಂಟೆಗಟ್ಟಲೆ ಒಬ್ಬರ ಬೆನ್ನ ಹಿಂದೆ ನಿಂತರೆ ಮಾತಾಡದೆ ಇರಲಾಗುತ್ತದೆಯೇ? ಸಲೋಮಿಯ ಜೇಬಿನಲ್ಲಿ ಏನೋ ಸರಸರ ಎನ್ನುತ್ತಿತ್ತು. ತೆಕ್ಲಾ ಕೇಳಿದಳು. ಅದು ಅವಳಪ್ಪ ಹಲಗೆ ನಯಮಾಡುವಾಗ ಏಳುವ ಮರದ ಸಿಪ್ಪೆ, ಸುರುಳಿ ಸುರುಳಿಯಾಗಿ, ಹೊಂಬಣ್ಣದ್ದು. ತೆಕ್ಲಾ ಒಂದನ್ನು ಕಿವಿಗೆ ಸಿಕ್ಕಿಸಿಕೊಂಡು ಲೋಲಾಕು ಎಂದಳು. ಮಾರನೆಯ ದಿನ ಸಲೋಮಿ ಎಲ್ಲರಿಗೂ ತಂದಳು. ಅದರ ಮಾರನೆಯ ದಿನ ತೆಕ್ಲಾಳ ನೆರಳು ತೆಕ್ಲಾಳ ಹತ್ತಿರ ಇತ್ತು. ಡ್ರಿಲ್ ಮೇಷ್ಟ್ರು ತಲೆ ಚಚ್ಚಿಕೊಂಡರು.

"ನಿನಗ್ಯಾರೇ ವಾಪಸ್ ತಗೋ ಅಂದಿದ್ದು? ಗುರುತು ಹಾಕಿ ಸೊಂಟ ಬಿದ್ದೋಗಿದೆ ನಂದು. ತಪಾಸಣೆ ಮುಗಿಯೋವರೆಗೆ ಜಗಳ ಉಳಿಸಿಕೊಳ್ಳಕ್ಕಾಗಲ್ವಾ?"

ಆಗಲಿಲ್ಲ. ದಿನಕ್ಕೊಬ್ಬರಂತೆ ಸಾಲು ಮುರಿಯಿತು. ಮೇಷ್ಟ್ರು ಸುಣ್ಣ ಅಳಿಸುತ್ತ, ಬರೆಯುತ್ತ ಸುಸ್ತಾದರು. ಕೊನೆಗೆ ಉಳಿದದ್ದು ಜೆರೋಮಿ ಒಬ್ಬನೇ. ಅವನು ಸೇನಾಧಿಪತಿಯಲ್ಲವೇ? ಸೇನೆ ಕರಗಿದ್ದು ಅವನಿಗೆ ಅವಮಾನವಾಗಿತ್ತು. ತಪಾಸಣೆಯ ಹಿಂದಿನ ದಿನ, ಎಲ್ಲರ ಎದುರು, ಜೇಬಿನಿಂದ ಅವ್ವನ ಹೊಲಿಗೆಯ ಟೇಪು ತೆಗೆದು ಸಲೋಮಿಯ ತಲೆಯಿಂದ ಕಾಲಿನವರೆಗೆ ಹಿಡಿದ. "ನಾಲ್ಕಡಿಗೆ ಸ್ವಲ್ಪ ಕಮ್ಮಿ. ನಿಮ್ಮಪ್ಪಂಗೆ ಹೇಳು, ಹಲಗೆ ಕೊಯ್ದಿಟ್ಕೊಂಡಿರ್ಲಿ," ಎಂದ. ಈ ಸಲ ಯಾರೂ ನಗಲಿಲ್ಲ. ಆದರೆ ಸಲೋಮಿ ಚೀಲ ತೆಗೆದುಕೊಂಡು ಗೇಟು ದಾಟಿ ಹೋಗಿಬಿಟ್ಟಳು.

"ಹೋಗು ಆರೋಗ್ಯಮ್ಮ," ಎಂದರು ಸಿಸ್ಟರ್. "ನಾಳೆ ಅವಳಿಲ್ಲದಿದ್ರೆ ಜೆರೋಮಿ ನೆರಳೂ ಇಲ್ಲ. ನಿನ್ನ ಮಾತು ಕೇಳ್ತಾಳೆ."

ಮೋಡ ಕವಿದ ಸಂಜೆ. ಚೌರಪ್ಪನ ಅಂಗಡಿಗೆ ಹೋದೆ. ಅವನು ಅರೆಬರೆ ಪೆಟ್ಟಿಗೆಯೊಂದಕ್ಕೆ ಹಿಡಿಕೆ ಬಡಿಯುತ್ತಿದ್ದ. "ಬಾ ಆರೋಗ್ಯಕ್ಕ, ಕೂತ್ಕೊ. ಅದ್ರ ಮ್ಯಾಲೇ ಕೂತ್ಕೊ, ಗಟ್ಟಿ ಐತೆ," ಎಂದ. ನಾನು ನಿಂತೇ ಇದ್ದೆ. ಸಲೋಮಿ ಮೂಲೆಯಲ್ಲಿ ಸಿಪ್ಪೆಯ ರಾಶಿಯಲ್ಲಿ ಕೂತಿದ್ದಳು.

"ನಾಳೆ ನಾನು ಬರಲ್ಲ ಆಯಮ್ಮ."

ಮೊದಲು ಮುದ್ದಿನಿಂದ ಹೇಳಿದೆ. ಆಮೇಲೆ ಟಿಸಿಯ ವಿಷಯ ಹೇಳಿದೆ. ಅವಳು ತಲೆಯಲ್ಲಾಡಿಸುತ್ತಲೇ ಇದ್ದಳು. ನನಗೂ ಬೆಳಗಿನಿಂದ ಸಾಕಾಗಿತ್ತು. ನನ್ನ ಉಪಾಯವೇ ಮುರಿದುಬೀಳುತ್ತಿದೆಯಲ್ಲ ಎಂಬ ಸಿಟ್ಟೂ ಇತ್ತು. "ಅಲ್ಲ ಕಣೆ, ಅವನೇನು ಇಲ್ಲದ್ದು ಹೇಳಿದ್ನಾ?" ಎಂದೆ. "ನಿಮ್ಮಪ್ಪ ಮಾಡೋದು ಪೆಟ್ಟಿಗೇನೇ ತಾನೆ? ಇಷ್ಟಕ್ಕೆಲ್ಲ ಮೂತಿ ಊದಿಸ್ಕೊಂಡ್ರೆ ಲೋಕದಲ್ಲಿ ಬಾಳಕ್ಕಾಗುತ್ತಾ? ನಿಂದೂ ಅತಿಯಾಯ್ತು. ನೀನು ಹೀಗೆ ಮುಟ್ಟಿದ್ರೆ ಮುನಿ ಥರ ಇರೋದಕ್ಕೇ ಅವರು ರೇಗ್ಸೋದು."

ಸುತ್ತಿಗೆಯ ಸದ್ದು ನಿಂತಿತು. ಸಲೋಮಿ ನನ್ನ ಮುಖ ನೋಡಿ, "ಆಯ್ತು ಆಯಮ್ಮ, ಬರ್ತೀನಿ," ಎಂದಳು. ಅಷ್ಟು ಬೇಗ ಒಪ್ಪಿದಳಲ್ಲ ಎಂದು ನಾನು ಖುಷಿಯಾಗಿ ಮನೆಗೆ ಬಂದೆ. ಮೋಡವಿತ್ತು ಎಂದೆನಲ್ಲ, ಏನೂ ಗೊತ್ತಾಗಲಿಲ್ಲ.

ಬೆಳಿಗ್ಗೆ ಏಳಕ್ಕೆ ಬಯಲು ಗುಡಿಸಲು ನಿಂತೆ. ದಿನಾ ಆ ಹೊತ್ತಿಗೆ ನನ್ನ ಮುಂದೆ ನನ್ನ ನೆರಳು ಉದ್ದಕ್ಕೆ ಬಿದ್ದು, ನಾನು ಗುಡಿಸುವ ಮೊದಲೇ ಅದು ಗುಡಿಸುತ್ತ ಹೋಗುತ್ತಿತ್ತು. ಅವತ್ತು ಪೊರಕೆಯ ನೆರಳೊಂದೇ ನೆಲದ ಮೇಲೆ ಆಡುತ್ತಿತ್ತು. ಹಿಡಿದವಳು ಇರಲಿಲ್ಲ.

ಇಪ್ಪತ್ತೆರಡು ವರ್ಷ. ಒಂದೇ ಒಂದು ದಿನ ನಾನು ನೆರಳು ಕಳೆದುಕೊಂಡವಳಲ್ಲ. ಆ ಜಂಬವೂ ನನಗಿತ್ತು. ಆಮೇಲೆ ನಾನೇನು ಮಾಡಿದೆ? ಊರಿನವರೆಲ್ಲ ಮಾಡುವುದನ್ನೇ. ಸ್ಟೋರ್ ರೂಮಿಗೆ ಹೋಗಿ, ಯಾವುದೋ ಮೇಡಮ್ಮು ಬಿಟ್ಟುಹೋಗಿದ್ದ ಹಳೆಯ ಕಪ್ಪು ಕೊಡೆ ಹುಡುಕಿ ತಂದೆ.

ನಿರೀಕ್ಷಕರಾದ ಫಾದರ್ ಇನ್ನಾಸಪ್ಪನವರು ಹತ್ತಕ್ಕೆ ಸರಿಯಾಗಿ ಬಂದರು. ಅವರು ಕಾರಿನಿಂದ ಇಳಿಯುವ ಮೊದಲೇ ಡ್ರೈವರ್ ಇಳಿದು ಕೊಡೆ ಬಿಚ್ಚಿ ಬಾಗಿಲ ಬಳಿ ಹಿಡಿದ. ನಮ್ಮೂರಲ್ಲೇ ಹುಟ್ಟಿ ಬೆಳೆದವರು, ಗೊತ್ತಿರುತ್ತದಲ್ಲ. ಪಾಲನಾ ಮಂಡಳಿಯವರೂ ತಾಯಂದಿರ ಸಂಘದವರೂ ಬಯಲಿನ ಅಂಚಿನಲ್ಲಿ ತಮ್ಮ ತಮ್ಮ ಕೊಡೆ ಬಿಚ್ಚಿಕೊಂಡು ನಿಂತಿದ್ದರು. ಮಧ್ಯದಲ್ಲಿ ಮಕ್ಕಳು ಬರಿತಲೆಯಲ್ಲಿ. ನಾನು ಗಂಟೆಕಂಬದ ಪಕ್ಕ, ಕೊಡೆಯ ಕೆಳಗೆ. ಆರೋಗ್ಯಮ್ಮ ಯಾವತ್ತಿನಿಂದ ಕೊಡೆ ಹಿಡಿದಳು ಎಂದು ಕೇಳುವಷ್ಟು ಯಾರಿಗೂ ಪುರಸೊತ್ತಿರಲಿಲ್ಲ.

ಸಲೋಮಿ ಬಂದಿದ್ದಳು. ಸುಣ್ಣದ ಗುರುತಿನ ಮೇಲೆ ನಿಂತಿದ್ದಳು. ಅವಳ ಹಿಂದೆ ಜೆರೋಮಿ, ತನ್ನ ನೆರಳಿನ ಬುಡಕ್ಕೆ ಕಾಲು ಅಂಟಿಸಿಕೊಂಡು. ಅವಳ ಎಡಕ್ಕೆ ಇನ್ನೊಂದು ನೆರಳು. ಅದಕ್ಕೆ ತುರುಬಿತ್ತು, ಅಗಲವಾದ ಸೊಂಟವಿತ್ತು, ಗುಡಿಸಿ ಗುಡಿಸಿ ಬಾಗಿದ ಬೆನ್ನಿತ್ತು.

ಫಾದರ್ ಎಣಿಸುತ್ತ ಬಂದರು. ಅಲ್ಲಿಗೆ ಬಂದು ನಿಂತರು. ಮತ್ತೆ ಮೊದಲಿನಿಂದ ಎಣಿಸಿದರು. "ಮಕ್ಕಳು ನೂರಾ ಹನ್ನೆರಡು. ನೆರಳು ನೂರಾ ಹದಿಮೂರು. ಇದು ಯಾರದು, ಸಿಸ್ಟರ್?"

ಸಿಸ್ಟರ್ ಪ್ಲಾಸಿಡಾ ನೋಡಿದರು. ಅವರಿಗೂ ಗುರುತು ಸಿಕ್ಕಿರಬೇಕು, ಮುಖ ಬಿಳುಚಿತು. "ಅದು... ಮರದ್ದಿರಬೇಕು ಫಾದರ್."

"ಮರಕ್ಕೆ ತುರುಬಿರುತ್ತಾ, ಸಿಸ್ಟರ್?"

ಕೊಡೆಗಳ ಕೆಳಗಿನಿಂದ ಫ್ಲೋರಿನಮ್ಮನ ದನಿ ಬಂತು. "ನಾನು ಹೇಳ್ಲಿಲ್ವಾ? ಆ ಹುಡುಗೀದೇ ಇದೆಲ್ಲ. ಅವಳಿಗೆ ಇಟ್ಕೊಳ್ಳೋ ಚಾಳಿ."

ಫಾದರ್ ಬಗ್ಗಿ ಸಲೋಮಿಯನ್ನು ಕೇಳಿದರು. "ಹೇಳಮ್ಮ, ಯಾರದು ಇದು? ಯಾರಾದ್ರೂ ನಿನಗೇನಾದ್ರೂ ಅಂದ್ರಾ?"

ಸಲೋಮಿ ಗಂಟೆಕಂಬದ ಕಡೆ ಒಂದೇ ಒಂದು ಸಲ ನೋಡಿದಳು. ಆಮೇಲೆ ನೆಲ ನೋಡಿದಳು. "ಯಾರೂ ಏನೂ ಅಂದಿಲ್ಲ ಫಾದರ್. ಅದೂ ನಂದೇ. ನನಗೆ ಎರಡಿದೆ."

"ಹಾಗಾದ್ರೆ ಲೆಕ್ಕ ತಪ್ಪಿರೋದು ಈ ಮಗುವಿಂದ," ಎಂದು ಫಾದರ್ ಪೆನ್ನಿನ ಮುಚ್ಚಳ ತೆಗೆದರು. ಸಿಸ್ಟರ್ ಕಣ್ಣು ಮುಚ್ಚಿಕೊಂಡರು. ನನಗೆ ಆ ಕ್ಷಣದಲ್ಲಿ ಹೊಳೆ ಕಂಡಿತು, ದೋಣಿ ಕಂಡಿತು. ದೋಣಿಯಲ್ಲಿ ಯಾರೂ ಇರಲಿಲ್ಲ, ಏಕೆಂದರೆ ಅವಳು ಶಾಲೆಗೆ ಹೋಗುವುದನ್ನೇ ಬಿಟ್ಟಿದ್ದಳು.

ಕೊಡೆ ಮಡಿಸುವುದು ಸುಲಭವಲ್ಲ. ಹಳೆಯ ಕೊಡೆ ಬೇರೆ, ಕಡ್ಡಿ ಸಿಕ್ಕಿಕೊಂಡಿತ್ತು. ಮೊಣಕಾಲಿಗೆ ಒತ್ತಿ ಮಡಿಸಿ ಕೆಳಗಿಟ್ಟೆ. ಬಯಲಿನ ನಡುವಿನವರೆಗೆ ನಡೆದೆ. ನೂರಾ ಹನ್ನೆರಡು ಮಕ್ಕಳೂ ನನ್ನ ಕಾಲ ಬುಡ ನೋಡುತ್ತಿದ್ದರು.

"ಅದು ನಂದು, ಫಾದರ್. ನಿನ್ನೆ ಸಂಜೆ ಈ ಮಗುವಿಗೆ ನಾನು ಆಡಬಾರದ ಮಾತಾಡಿದೆ. ಅಳೋದು ತಪ್ಪು, ಅಳಿಸೋದು ತಪ್ಪಲ್ಲ ಅನ್ನೋ ಥರ ಮಾತಾಡಿದೆ. ಅದು ಬಂದು ಇವಳ ಹತ್ರ ನಿಂತಿದೆ. ನಿಲ್ಲಬೇಕಾದ್ದೇ."

ನಮ್ಮೂರಲ್ಲಿ ನೆರಳು ಹೋದವರು ಇರುತ್ತಾರೆ, ಹೋಗಿದೆ ಎಂದು ಹೇಳುವವರು ಇರುವುದಿಲ್ಲ. ಅಷ್ಟರಲ್ಲಿ ಸಲೋಮಿಯ ಹಿಂದೆ ಏನೋ ಸದ್ದಾಯಿತು. ಜೆರೋಮಿ ತನ್ನ ಜಾಗದಿಂದ ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟಿದ್ದ. ಒಂದೇ ಹೆಜ್ಜೆ. ಬರಿ ಬಿಸಿಲಿನಲ್ಲಿ, ಬೋಳು ನೆಲದ ಮೇಲೆ, ಏಟು ತಿನ್ನಲು ತಯಾರಾದವನ ಹಾಗೆ ಗಲ್ಲ ಮೇಲೆತ್ತಿ ನಿಂತಿದ್ದ.

"ಜೆರಿ! ಒಳಗೆ ನಿಲ್ಲೋ!" ಎಂದು ಫ್ಲೋರಿನಮ್ಮ ಕೊಡೆಯ ಸಮೇತ ಓಡಿಬಂದರು. ಮಗನಿಗೆ ಕೊಡೆ ಹಿಡಿಯಹೋದರೆ ತಮಗಿರುವುದಿಲ್ಲ, ತಮಗೆ ಹಿಡಿದರೆ ಮಗನಿಗಿರುವುದಿಲ್ಲ. ಅ‌ರ್ಧ ದಾರಿಯಲ್ಲೇ ನಿಂತುಬಿಟ್ಟರು.

ಫಾದರ್ ತಮ್ಮ ಫಾರಮನ್ನು ಹಿಂದೆ ಮುಂದೆ ತಿರುವಿದರು. "ನೋಡಿ, ಇದರಲ್ಲಿ ದೊಡ್ಡವರ ನೆರಳಿಗೆ ಕಾಲಮ್ಮೇ ಇಲ್ಲ. ಆದ್ದರಿಂದ ಆಯಾದು ಲೆಕ್ಕಕ್ಕೆ ಬರಲ್ಲ. ಈ ಹುಡುಗಿ ಮೇಲೂ ತಪ್ಪಿಲ್ಲ. ಆದ್ರೆ ಆ ಹುಡುಗ..." ಎನ್ನುತ್ತಿದ್ದಂತೆ ಒಂದನೇ ಕ್ಲಾಸಿನ ಪುಟ್ಟದೊಂದು ಅವರ ನಿಲುವಂಗಿ ಜಗ್ಗಿ, "ಫಾದರ್, ನೀವೂ ಈಚೆ ಬನ್ನಿ, ನಿಮ್ದೂ ಎಣಿಸೋಣ," ಎಂದಿತು. ಫಾದರಿಗೆ ಅಷ್ಟರಲ್ಲಿ ಇನ್ನೊಂದು ಶಾಲೆಯ ತಪಾಸಣೆ ನೆನಪಾಯಿತು.

ಹಿತ್ತಾಳೆ ಫಲಕ ನಮಗೆ ಬರಲಿಲ್ಲ. ತಿಂಗಳ ಮೇಲೆ 'ಪ್ರಯತ್ನಶೀಲ ಶಾಲೆ' ಎಂಬ ಕಾಗದವೊಂದು ಬಂತು, ಸಿಸ್ಟರ್ ಅದನ್ನೂ ಗೋಡೆಗೆ ಅಂಟಿಸಿದರು. ಆದರೆ ಟಿಸಿಯ ಮಾತು ಮತ್ತೆ ಎತ್ತಲಿಲ್ಲ. ತಪಾಸಣೆಯ ಮರುವಾರದಿಂದಲೇ ಪ್ರಾರ್ಥನೆಯ ಗಂಟೆಯನ್ನು ಹಿಂದಿನ ಬಯಲಿನಲ್ಲೇ ಹೊಡೆಯಲು ಹೇಳಿದರು. ಮೊದಲ ದಿನ ಅವರೇ ಎಲ್ಲರಿಗಿಂತ ಮುಂದೆ ಬಿಸಿಲಿಗೆ ಬಂದು ನಿಂತರು. ನೆರಳಿತ್ತೋ ಇಲ್ಲವೋ ನಾನು ಹೇಳುವುದಿಲ್ಲ. ಜೆರೋಮಿಯ ನೆರಳು ಮಾತ್ರ ಕ್ರಿಸ್ಮಸ್ಸಿನವರೆಗೆ ಸಲೋಮಿಯ ಹಿಂದೆಯೇ ಇತ್ತು. ಒಂದೇ ಹೆಜ್ಜೆಗೆ ಎಲ್ಲ ಸರಿಹೋಗುವ ಹಾಗಿದ್ದರೆ ಲೋಕದಲ್ಲಿ ಕೊಡೆ ಅಂಗಡಿಗಳು ಯಾಕಿರುತ್ತಿದ್ದವು?

ತಪಾಸಣೆಯಾದ ಅವತ್ತು ಮಧ್ಯಾಹ್ನವೇ ನಾನು ನನ್ನ ಬುತ್ತಿ ತೆಗೆದುಕೊಂಡು ಹುಣಿಸೆಮರದಾಚೆ ಸಲೋಮಿಯ ಪಕ್ಕ ಹೋಗಿ ಕೂತೆ. ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ. ಅರ್ಧ ಮುರಿದು ಅವಳ ಡಬ್ಬಿಯ ಮುಚ್ಚಳದಲ್ಲಿಟ್ಟೆ. ಅವಳು ತನ್ನ ಚಿತ್ರಾನ್ನದಲ್ಲಿ ಅರ್ಧ ನನಗೆ ಹಾಕಿದಳು. ಎದುರಿಗೆ ನನ್ನ ನೆರಳು ಅವಳ ಕಾಲ ಹತ್ತಿರ ಮುದುಡಿಕೊಂಡಿತ್ತು.

"ನಿಜವಾಗ್ಲೂ ನಂದೇ ತಪ್ಪು ಕಣೆ," ಎಂದೆ. "ಕ್ಷಮಿಸಿದೀನಿ ಅಂತ ನೀನು ಹೇಳಬೇಡ. ಅದನ್ನ ಹೇಳಿ ಹೇಳಿ ನಿನಗೆ ಸಾಕಾಗಿದೆ."

ಅವಳು ರೊಟ್ಟಿ ಅಗಿಯುತ್ತ ಯೋಚಿಸಿದಳು. ಒಂದನೇ ಕ್ಲಾಸಿನ ಪುಟಾಣಿಗಳು ಆಗಲೇ ಬಂದು ಆ ನೆರಳಿನೊಳಗೆ ಜಾಗ ಹಿಡಿದಿದ್ದವು.

"ಇವತ್ತೊಂದಿನ ಇರ್ಲಿ ಆಯಮ್ಮ," ಎಂದಳು. "ನಿಮ್ದು ಅಗಲವಾಗಿದೆ. ಎಲ್ಲಾರ್ಗೂ ಸಾಲುತ್ತೆ."

ಸಂಜೆ ನಾಲ್ಕಕ್ಕೆ ಶಾಲೆ ಬಿಟ್ಟಿತು. ಕೊಡೆಯನ್ನು ಸ್ಟೋರ್ ರೂಮಿನಲ್ಲೇ ಬಿಟ್ಟು ಪೇಟೆಬೀದಿಗೆ ಇಳಿದೆ. ಎಲ್ಲರ ನೆರಳೂ ಉದ್ದಕ್ಕೆ ಬೀಳುವ ಹೊತ್ತು. ಅಂಗಡಿಯವರು ತಕ್ಕಡಿ ಹಿಡಿದಲ್ಲೇ ನಿಂತರು. ಹೆಂಗಸರು ಒಬ್ಬರನ್ನೊಬ್ಬರು ತಿವಿದರು. ಕೊಡೆ ಅಂಗಡಿಯ ಅಬ್ರಾಹಮಣ್ಣ ಗಲ್ಲಾ ಬಿಟ್ಟು ಬೀದಿಗೇ ಬಂದ.

"ಏನ್ ಆರೋಗ್ಯಮ್ಮ, ಹಿಂಗೇ ಬಂದುಬಿಟ್ಟೆ? ನೆರಳೆಲ್ಲಮ್ಮ ನಿಂದು?"

"ನಾಲ್ಕನೇ ಕ್ಲಾಸಲ್ಲಿದೆ ಕಣಣ್ಣ," ಎಂದೆ. "ನಾಳೆ ಹೋಗಿ ಕೇಳ್ಕೊಂಡು ಬರ್ತೀನಿ."